ಕೆಂಪೇಗೌಡರು ಬೆಂಗಳೂರಿಗೆ ಗಡಿ ಹಾಕಿದ್ದರೇ?

ನಾಲ್ಕು ಗೋಪುರ ದಾಟಿ ಊರು ಬೆಳೆದರೆ ಕೇಡು ಎಂದು ಕೆಂಪೇಗೌಡರು ಎಚ್ಚರಿಸಿದ್ದರಂತೆ. ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಿಜವೇ?

ಯಲಹಂಕದ ಈ ನಾಡಪ್ರಭು ವಿಜಯನಗರದ ಸಾಮಂತರು. 1537ರಲ್ಲಿ ಬೆಂಗಳೂರಿಗೆ ಮಣ್ಣಿನ ಕೋಟೆ ಕಟ್ಟಿಸಿ, ಪೇಟೆಗಳಲ್ಲಿ ಕಸುಬುದಾರರನ್ನು ನೆಲೆಗೊಳಿಸಿದರು. ಹತ್ತಿರ ದೊಡ್ಡ ನದಿಯಿಲ್ಲ. ಹಾಗಾಗಿ ಮಳೆನೀರು ಹಿಡಿಯಲು ಧರ್ಮಾಂಬುಧಿ, ಕೆಂಪಾಂಬುಧಿಯಂಥ ಕೆರೆಗಳನ್ನು ಕಟ್ಟಿಸಿದರೆಂದು ಪ್ರತೀತಿ. 1569ರಲ್ಲಿ ತೀರಿಕೊಂಡರು.

ಗೋಪುರಗಳನ್ನು ಕಟ್ಟಿಸಿದ್ದು ನಂತರದ ಇಮ್ಮಡಿ ಕೆಂಪೇಗೌಡರು ಎನ್ನುತ್ತಾರೆ ಹಲವು ಇತಿಹಾಸಕಾರರು. ಹಾಗಾಗಿ ಆ ಎಚ್ಚರಿಕೆ ಬರೀ ನಂಬಿಕೆ.

ಆದರೆ ನೀರಿನ ಲೆಕ್ಕ ನಂಬಿಕೆಯಲ್ಲ. ಧರ್ಮಾಂಬುಧಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ. ಕೆಂಗೇರಿ ಬಳಿ ವೃಷಭಾವತಿಯಲ್ಲಿ ಹರಿಯುವುದು ಕೊಳಚೆ. ಗೋಪುರಗಳಾಚೆಯ ರಾಜಾಜಿನಗರ, ವಿಜಯನಗರದ ನಲ್ಲಿಗಳಿಗೆ ಸುಮಾರು 100 ಕಿ.ಮೀ. ದೂರದಿಂದ ಕಾವೇರಿ ಬರಬೇಕು. ಹೊಸ ಬಡಾವಣೆಗೆ ಮೊದಲು ನಾವು ಕೇಳಬೇಕಾದದ್ದು: ನೀರೆಲ್ಲಿದೆ?