ಪೇಪರ್‌ಬ್ಯಾಕ್ ಲೇಖಕನ ಹೆಸರಿನ ಬಹುಮಾನ

1928ರ ಡಿಸೆಂಬರ್ 16ರಂದು ಅಮೆರಿಕದ ಷಿಕಾಗೊದಲ್ಲಿ ಅವಳಿ ಮಕ್ಕಳು ಹುಟ್ಟಿದವು. ಆರು ವಾರಗಳಲ್ಲೇ ಹೆಣ್ಣುಮಗು ಜೇನ್ ತೀರಿಕೊಂಡಿತು. ಕೊಲೊರಾಡೊದ ಫೋರ್ಟ್ ಮಾರ್ಗನ್‌ನಲ್ಲಿ ಅವಳ ಸಮಾಧಿಯ ಕಲ್ಲಿನ ಮೇಲೆ ಬದುಕುಳಿದ ಗಂಡುಮಗುವಿನ ಹೆಸರನ್ನೂ ಕೆತ್ತಿಸಿದರು. ಸಾವಿನ ದಿನಾಂಕದ ಜಾಗ ಮಾತ್ರ ಖಾಲಿ ಇತ್ತು. ಆ ಮಗುವೇ ಫಿಲಿಪ್ ಕೆ. ಡಿಕ್.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬೆಳೆದ ಡಿಕ್, ಗ್ರಾಮಫೋನ್ ರೆಕಾರ್ಡ್ ಅಂಗಡಿಯಲ್ಲಿ ದುಡಿಯುತ್ತಲೇ ಬರೆದರು. 1951ರಲ್ಲಿ ಮೊದಲ ಕಥೆಗೆ ಹಣ ಸಿಕ್ಕಿತು. ಅವರ ಸಾಮಾಜಿಕ ಕಾದಂಬರಿಗಳನ್ನು ಪ್ರಕಾಶಕರು ಹಿಂದಿರುಗಿಸಿದರು. ವೈಜ್ಞಾನಿಕ ಕಾದಂಬರಿಗಳಲ್ಲಿ ಹೆಚ್ಚಿನವು ಅಗ್ಗದ ಪೇಪರ್‌ಬ್ಯಾಕ್‌ಗಳಾಗಿ ಬಂದವು. 1963ರಲ್ಲಿ 'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' ಹ್ಯೂಗೊ ಪ್ರಶಸ್ತಿ ಪಡೆದರೂ ಹಣದ ತಾಪತ್ರಯ ತಪ್ಪಲಿಲ್ಲ. ಬೇಗ ಬೇಗ ಬರೆಯಲು ನುಂಗಿದ ಆಂಫೆಟಮಿನ್ ಮಾತ್ರೆಗಳು ಆರೋಗ್ಯ ಕೆಡಿಸಿದವು. ಐದು ಮದುವೆಗಳೂ ಮುರಿದವು.

ಮನುಷ್ಯನಂತೆಯೇ ಮಾತಾಡುವ ಯಂತ್ರವನ್ನು ಗುರುತಿಸುವುದು ಹೇಗೆ? 1968ರ ಕಾದಂಬರಿಯೊಂದರಲ್ಲಿ ಅವರು ಇದಕ್ಕೊಂದು ಪರೀಕ್ಷೆಯನ್ನು ಕಲ್ಪಿಸಿದರು. ಅದು ಅಳೆಯುವುದು ಬುದ್ಧಿಯನ್ನಲ್ಲ, ಇನ್ನೊಂದು ಜೀವದ ನೋವಿಗೆ ಮಿಡಿಯುವ ಗುಣವನ್ನು. ಕೃತಕ ಬುದ್ಧಿಮತ್ತೆಯನ್ನು ಪಠ್ಯವಾಗಿ ಓದುವ ನಮ್ಮಂಥ ಬಿ.ಇ. ವಿದ್ಯಾರ್ಥಿಗಳಿಗೆ ಇದು ಇಂದಿನದೇ ಪ್ರಶ್ನೆ.

ಆ ಕಾದಂಬರಿ 'ಬ್ಲೇಡ್ ರನ್ನರ್' ಸಿನಿಮಾ ಆಗಿ 1982ರ ಜೂನ್‌ನಲ್ಲಿ ತೆರೆಕಂಡಿತು. ಡಿಕ್ ಮಾರ್ಚ್ 2ರಂದೇ, 53ನೇ ವಯಸ್ಸಿನಲ್ಲಿ, ಪಾರ್ಶ್ವವಾಯುವಿಗೆ ಬಲಿಯಾಗಿದ್ದರು. ತಂದೆ ಚಿತಾಭಸ್ಮವನ್ನು ಫೋರ್ಟ್ ಮಾರ್ಗನ್‌ಗೆ ಒಯ್ದು ಜೇನ್ ಪಕ್ಕದಲ್ಲೇ ಹೂಳಿಸಿದರು.

ಮರುವರ್ಷ ಫಿಲಿಪ್ ಕೆ. ಡಿಕ್ ಪ್ರಶಸ್ತಿ ಶುರುವಾಯಿತು. ರೂಡಿ ರಕರ್ ಅವರ 'ಸಾಫ್ಟ್‌ವೇರ್' ಕಾದಂಬರಿಗೆ ಮೊದಲ ಗೌರವ ಸಂದಿತು. ಅಮೆರಿಕದಲ್ಲಿ ನೇರವಾಗಿ ಪೇಪರ್‌ಬ್ಯಾಕ್ ರೂಪದಲ್ಲೇ ಪ್ರಕಟವಾದ ವೈಜ್ಞಾನಿಕ ಕೃತಿಗಳಿಗಷ್ಟೇ ಈ ಬಹುಮಾನ. ಅಗ್ಗದ ಪುಸ್ತಕವೆಂದು ಯಾರೂ ಬದಿಗಿಡದಂತೆ ನೋಡಿಕೊಳ್ಳಲು ಇದಕ್ಕಿಂತ ತಕ್ಕ ಹೆಸರು ಸಿಗುತ್ತಿರಲಿಲ್ಲ.