ನಡೆದು ಕಲಿತ ಧರ್ಮ: ಜಾನ್ ವುಲ್ಮನ್

ಅಮೆರಿಕದ ನ್ಯೂಜೆರ್ಸಿಯಲ್ಲಿ 1720ರಲ್ಲಿ ಜನಿಸಿದ ಜಾನ್ ವುಲ್ಮನ್‌ರು ಕ್ವೇಕರ್ ಎಂದು ಹೆಸರಾದ ಸ್ನೇಹಿತರ ಸಂಘಕ್ಕೆ ಸೇರಿದವರು. ಅಂದು ಆ ಪಂಥದಲ್ಲಿ ವೇತನ ಪಡೆಯುವ ಬೋಧಕರಿರಲಿಲ್ಲ. ಪರಸ್ಥಳಕ್ಕೆ ಹೋಗಿ ಬೋಧಿಸಬೇಕೆಂಬ ಪ್ರೇರಣೆಯಾದವರು ಅದನ್ನು ತಮ್ಮ ಸಭೆಯ ಮುಂದಿಟ್ಟು, ಒಪ್ಪಿಗೆಯ ಪತ್ರ ಪಡೆದು ಹೊರಡುತ್ತಿದ್ದರು. ತಾರುಣ್ಯದಲ್ಲೇ ವುಲ್ಮನ್‌ರು ಈ ಹಾದಿ ಹಿಡಿದರು.

ಅಂಗಡಿಯೊಂದರಲ್ಲಿ ದುಡಿಯುತ್ತಿದ್ದಾಗ ಒಡೆಯನ ಅಪ್ಪಣೆಯಂತೆ ಅವರು ಗುಲಾಮ ಸ್ತ್ರೀಯೊಬ್ಬಳ ಕ್ರಯಪತ್ರ ಬರೆದುಕೊಟ್ಟಿದ್ದರು. ಇದು ಕ್ರೈಸ್ತಧರ್ಮಕ್ಕೆ ಒಪ್ಪದೆಂದು ಅಲ್ಲಿಯೇ ನುಡಿದರೂ ಮನಸ್ಸಿನ ಕಳವಳ ಅಡಗಲಿಲ್ಲ. ಮುಂದೆ ಅಂತಹ ಪತ್ರ ಬರೆಯಲು ಅವರು ನಿರಾಕರಿಸಿದರು.

1746ರಲ್ಲಿ ಮೇರಿಲ್ಯಾಂಡ್, ವರ್ಜೀನಿಯ, ಉತ್ತರ ಕೆರೊಲಿನಗಳಲ್ಲಿ ಸುಮಾರು 1,500 ಮೈಲಿ ಸಂಚರಿಸಿದರು. ಬೋಧಿಸಲು ಹೋದವರಿಗೆ ಪಯಣವೇ ಪಾಠಶಾಲೆಯಾಯಿತು. ತಮಗೆ ಆತಿಥ್ಯ ನೀಡಿದ ಸ್ವಧರ್ಮೀಯರ ಮನೆಗಳಲ್ಲೇ ಗುಲಾಮರ ಬೆವರಿನ ಮೇಲೆ ನಿಂತ ಸುಖವನ್ನು ಅವರು ಕಂಡರು. ಗುಲಾಮಗಿರಿಯ ವಿರುದ್ಧ ಅವರು ಬರೆದ ಪ್ರಬಂಧ 1754ರಲ್ಲಿ ಅಚ್ಚಾಯಿತು. ವ್ಯಾಪಾರ ಬೆಳೆದು ಮನಸ್ಸನ್ನು ಕಟ್ಟಿಹಾಕತೊಡಗಿದಾಗ ಅದನ್ನು ತೊರೆದು ದರ್ಜಿ ಕೆಲಸದಲ್ಲಿ ತೃಪ್ತರಾದರು. 1757ರಲ್ಲಿ ಮತ್ತೆ ದಕ್ಷಿಣಕ್ಕೆ ಹೋದಾಗ, ಉಂಡುಟ್ಟು ಮಲಗಿದ ಮನೆಗಳಲ್ಲಿ ಸೇವೆಗೈದ ಗುಲಾಮರಿಗೆ ಕೂಲಿ ಸಲ್ಲುವಂತೆ ಹಣ ಕೊಟ್ಟು ಹೊರಟರು. ಮನೆಯೊಡೆಯರಿಗೆ ಇರುಸುಮುರುಸಾದರೂ ಅವರು ಯಾರನ್ನೂ ಜರೆಯಲಿಲ್ಲ.

1758ರಲ್ಲಿ ಫಿಲಡೆಲ್ಫಿಯದ ವಾರ್ಷಿಕ ಸಭೆಯು ಗುಲಾಮರನ್ನು ಹೊಂದಿದ ಸದಸ್ಯರನ್ನು ಕಂಡು ಮನವೊಲಿಸಲು ನಿಯೋಗ ನೇಮಿಸಿದಾಗ ವುಲ್ಮನ್‌ರೂ ಅದರಲ್ಲಿದ್ದರು. 1763ರಲ್ಲಿ, ಯುದ್ಧಭೀತಿಯ ನಡುವೆಯೂ, ಮೂಲನಿವಾಸಿಗಳ ವಯಲೂಸಿಂಗ್ ಗ್ರಾಮಕ್ಕೆ ತೆರಳಿದರು. ಅವರಿಗೆ ಬೋಧಿಸುವಂತೆಯೇ ಅವರಿಂದ ಕಲಿಯಬೇಕೆಂಬುದೂ ಈ ಪಯಣದ ಉದ್ದೇಶವಾಗಿತ್ತು. ಬಳಿಕ ಹಲವು ಯಾತ್ರೆಗಳನ್ನು ಕಾಲ್ನಡಿಗೆಯಲ್ಲೇ ಕೈಗೊಂಡರು.

1772ರಲ್ಲಿ ಇಂಗ್ಲೆಂಡಿಗೆ ಹೊರಟಾಗ, ಅಲಂಕೃತ ಕೋಣೆಯನ್ನು ಬಿಟ್ಟು ಹಡಗಿನ ಕೆಳಭಾಗದಲ್ಲಿ ನಾವಿಕರ ನಡುವೆ ತಂಗಿದರು. ಅಲ್ಲಿನ ಸಾರೋಟುಗಳ ವೇಗಕ್ಕೆ ಕುದುರೆಗಳೂ ಸವಾರಿಯ ಹುಡುಗರೂ ಬಲಿಯಾಗುವುದನ್ನು ಕೇಳಿ, ಅವನ್ನೇರದೆ ಲಂಡನ್ನಿನಿಂದ ಯಾರ್ಕ್‌ವರೆಗೂ ನಡೆದೇ ಹೋದರು. ಅಲ್ಲಿ ಸಿಡುಬು ತಗುಲಿ ಅಕ್ಟೋಬರ್ 7ರಂದು ಕೊನೆಯುಸಿರೆಳೆದರು. ಗುಲಾಮರನ್ನು ಬಿಡುಗಡೆ ಮಾಡಲೊಪ್ಪದವರಿಗೆ ಸದಸ್ಯತ್ವವಿಲ್ಲವೆಂದು ಫಿಲಡೆಲ್ಫಿಯ ಸಭೆ ನಿರ್ಧರಿಸಿದುದು 1776ರಲ್ಲಿ. ಅದನ್ನು ಕಾಣಲು ಅವರಿರಲಿಲ್ಲ.

ನಾವೂ ಯಾತ್ರೆ ಹೋಗುತ್ತೇವೆ, ಬಂಧುಗಳ ಮನೆಯಲ್ಲಿ ಉಣ್ಣುತ್ತೇವೆ. ಆ ಊಟ ಬಡಿಸಿದ ಕೈಗಳಿಗೆ ನ್ಯಾಯವಾದ ಕೂಲಿ ಸಂದಿದೆಯೇ ಎಂದು ಕೇಳುವುದು ಅತಿಥಿಗೆ ಸುಲಭವಲ್ಲ. ವುಲ್ಮನ್‌ರು ಆ ಕಷ್ಟವನ್ನು ವಿನಯದಿಂದ ಹೊತ್ತರು. ನಮ್ಮ ಮನೆಯ ಕೆಲಸದವರ ವಿಷಯದಲ್ಲಾದರೂ ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳೋಣ.