ಜೀವಕೋಶದ ಬಾಗಿಲು ಹುಡುಕಿದ ಪಾಲ್ ಎರ್ಲಿಕ್

ಅಜ್ಜಾವರವಿರಲಿ, ಪುತ್ತೂರಿರಲಿ, ಕಾಮಾಲೆ ಬಂದರೆ ಮೊದಲು ನೆನಪಾಗುವುದು ಹಳ್ಳಿಮದ್ದು. ಕಣ್ಣಿನ ಹಳದಿ ಇಳಿದರೆ ರೋಗವೂ ಹೋಯಿತು ಎಂಬ ಫಾರ್ವರ್ಡ್‌ಗಳೂ ಬರುತ್ತವೆ. ಇದು ಯಾವಾಗಲೂ ನಿಜವಲ್ಲ. ಏಕೆಂದು ತಿಳಿಯಲು ನಾವು ಒಬ್ಬ ವಿಜ್ಞಾನಿಯ ಬದುಕನ್ನು ನೋಡೋಣ.

ಪಾಲ್ ಎರ್ಲಿಕ್ ಹುಟ್ಟಿದ್ದು 1854ರಲ್ಲಿ, ಇಂದಿನ ಪೋಲೆಂಡ್‌ನಲ್ಲಿ. ವಿದ್ಯಾರ್ಥಿಯಾಗಿದ್ದಾಗಿನಿಂದಲೂ ಅವರಿಗೆ ಬಣ್ಣಗಳ ಹುಚ್ಚು. ಒಂದೊಂದು ಬಣ್ಣ ಕೆಲವೇ ಜೀವಕೋಶಗಳಿಗೆ ಅಂಟುವುದನ್ನು ಅವರು ಕಂಡರು. ನಡುವೆ ಕ್ಷಯ ಕಾಡಿತು, ಈಜಿಪ್ಟ್‌ನಲ್ಲಿದ್ದು ಚೇತರಿಸಿಕೊಂಡರು. ಜೀವಕೋಶದ ಮೈಮೇಲೆ ನಿರ್ದಿಷ್ಟ ವಸ್ತುಗಳನ್ನಷ್ಟೇ ಹಿಡಿಯುವ ಕೊಂಡಿಗಳಿವೆ ಎಂದು 1897ರಲ್ಲಿ ವಾದಿಸಿದರು. ಇವೇ ಗ್ರಾಹಕಗಳು, ಅಂದರೆ ರಿಸೆಪ್ಟರ್‌ಗಳು. 1908ರಲ್ಲಿ ನೊಬೆಲ್ ಬಂತು. 1915ರಲ್ಲಿ ತೀರಿಕೊಂಡರು.

ಹೆಪಟೈಟಿಸ್ ಬಿ ವೈರಸ್ ಲಿವರ್ ಕೋಶಕ್ಕೆ ನುಗ್ಗುವ ಗ್ರಾಹಕ ಪತ್ತೆಯಾದದ್ದು 2012ರಲ್ಲಿ, ಬೀಜಿಂಗ್‌ನಲ್ಲಿ. ಹೆಸರು ಎನ್‌ಟಿಸಿಪಿ. ಪಿತ್ತದ ಲವಣಗಳನ್ನು ಒಳಗೆಳೆದುಕೊಳ್ಳುವುದು ಅದರ ನಿತ್ಯದ ಕೆಲಸ. ಅದೇ ಬಾಗಿಲಿನಿಂದ ಹೊಕ್ಕ ವೈರಸ್ ವರ್ಷಗಟ್ಟಲೆ ಉಳಿದರೆ ಲಿವರ್ ಕ್ಯಾನ್ಸರ್ ಬರಬಹುದು. ಆಗ ಕಣ್ಣು ಹಳದಿಯಾಗಿರಲೇಬೇಕೆಂದಿಲ್ಲ.

ಆದ್ದರಿಂದ ಕಾಮಾಲೆ ಬಂದರೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.